ರಿಪೇರಿಗೆ ಇಟ್ಟ ಜಾಕೆಟ್

ಇಂಧನ ಎಲ್ಲಿ ಪೋಲಾಗುತ್ತಿದೆ ಎಂದು ನೋಡಲು ಬಂದ ಆಡಿಟ್ ಮೇಡಂ ಕೈಯಲ್ಲಿದ್ದದ್ದು ಮುಖ ನೋಡುವ ಕ್ಯಾಮೆರಾ ಅಲ್ಲ, ಬಿಸಿ ನೋಡುವ ಕ್ಯಾಮೆರಾ. ತಣ್ಣಗಿರುವುದೆಲ್ಲ ಅದರ ಪರದೆಯ ಮೇಲೆ ನೀಲಿಯಾಗಿ, ಬೆಚ್ಚಗಿರುವುದು ಕೆಂಪಾಗಿ, ಸುಡುವಂಥದ್ದು ಬೆಳ್ಳಗೆ ಕಾಣುತ್ತಿತ್ತು. ಆಸ್ಪತ್ರೆಯ ಲಾಂಡ್ರಿಯ ಹಿಂಭಾಗದ ಬಾಯ್ಲರ್ ಮನೆಯೊಳಗೆ ಅವರು ಅದನ್ನು ಎದೆಮಟ್ಟಕ್ಕೆ ಹಿಡಿದು ಪೈಪುಗಳ ಉದ್ದಕ್ಕೂ ನಿಧಾನವಾಗಿ ನಡೆದರು. ಅವರ ಹಿಂದೆ ಲಾಂಡ್ರಿ ಮೇಸ್ತ್ರಿ, ಮೇಸ್ತ್ರಿಯ ಹಿಂದೆ ಟೈಲರಮ್ಮ. ಉಗಿ ಹೊತ್ತ ದಪ್ಪ ಪೈಪು ನೀಲಿ. ಬಿಸಿನೀರಿನ ಪೈಪು ನೀಲಿ. ಸಾಲಾಗಿದ್ದ ವಾಲ್ವುಗಳು ಬೂದು ಬಣ್ಣದ ಜಾಕೆಟ್ ತೊಟ್ಟು, ಬಕಲ್ ಬಿಗಿದುಕೊಂಡು, ಶಾಲೆಗೆ ಹೊರಟ ಮಕ್ಕಳ ಹಾಗೆ ನಿಂತಿದ್ದವು, ಅವೂ ನೀಲಿ.

"ಇಷ್ಟು ಅಚ್ಚುಕಟ್ಟಾಗಿ ಮುಚ್ಚಿರೋ ಬಾಯ್ಲರ್ ಮನೆ ನಾನು ನೋಡೇ ಇರ್ಲಿಲ್ಲ," ಎಂದರು ಮೇಡಂ.

"ಎಲ್ಲಾ ಇವರ ಕೈಕೆಲಸ," ಎಂದು ಮೇಸ್ತ್ರಿ ಹಿಂದಕ್ಕೆ ಕೈ ತೋರಿಸಿದ. "ಮೊದ್ಲು ಮನುಷ್ಯರಿಗೆ ಅಂಗಿ ಹೊಲೀತಿದ್ರು. ಅಲ್ಲಿ ಬಿಗಿ, ಇಲ್ಲಿ ಸಡಿಲ ಅಂತ ಅವರು ತಲೆ ತಿಂತಾರೆ ಅಂತ ವಾಲ್ವುಗಳಿಗೆ ಹೊಲಿಯೋಕೆ ಬಂದ್ರು."

ಟೈಲರಮ್ಮ ನಕ್ಕಳು. ಆದರೆ ಅವಳ ಕಣ್ಣು ಕ್ಯಾಮೆರಾದ ಮೇಲೆಯೇ ಇತ್ತು, ಏಕೆಂದರೆ ಮೇಡಂ ಈಗ ಮೂಲೆಯ ಬೆಂಚಿನ ಕಡೆಗೆ ತಿರುಗುತ್ತಿದ್ದರು. ಬೆಂಚಿನ ಪಕ್ಕದಲ್ಲಿದ್ದ ವಾಲ್ವು ಪರದೆಗೆ ಬಂದದ್ದೇ ತಡ, ನಡುವೆ ಬೆಳ್ಳನೆಯ ಬೆಂಕಿಯ ಉಂಡೆಯೊಂದು ಎದ್ದು ನಿಂತಿತು. ಮೇಡಂ ಕ್ಯಾಮೆರಾ ಕೆಳಗಿಳಿಸಿ ಬರಿಗಣ್ಣಿನಿಂದ ನೋಡಿದರು. ಅಷ್ಟೂ ವಾಲ್ವುಗಳಲ್ಲಿ ಅದೊಂದೇ ಬರಿಮೈಯಲ್ಲಿತ್ತು.

"ಇದಕ್ಯಾಕೆ ಜಾಕೆಟ್ ಇಲ್ಲ?"

ಟೈಲರಮ್ಮನ ಬಾಯಿ ಅವಳ ಅಪ್ಪಣೆಗೆ ಕಾಯಲಿಲ್ಲ. "ರಿಪೇರಿಗೆ ಇಟ್ಟಿದೀನಿ ಮೇಡಂ."

"ಯಾವಾಗಿಂದ?"

"ಸ್ವಲ್ಪ ದಿನ ಆಯ್ತು."

ಮೇಸ್ತ್ರಿ ಕೆಮ್ಮಿದ. ಆ 'ಸ್ವಲ್ಪ ದಿನ'ದಲ್ಲಿ ಅವನ ಮಗಳು ಶಾಲೆ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಆದರೂ ಪುಣ್ಯಾತ್ಮ ಬಾಯಿ ಬಿಡಲಿಲ್ಲ.

"ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ," ಎಂದರು ಮೇಡಂ. "ಆ ಜಾಕೆಟ್ ತೋರಿಸಿ. ಏನಾಗಿದೆ ಅಂತ ನೋಡಿ ಬರೀತೀನಿ. ಎಲ್ಲಾ ಇಷ್ಟು ಚೆನ್ನಾಗಿದ್ದು ಒಂದೇ ಒಂದು ಹೀಗಿದ್ರೆ, ವರದಿ ಓದೋರು ಮೊದ್ಲು ಅದನ್ನೇ ಕೇಳ್ತಾರಲ್ವಾ?"

ಸೌಮ್ಯವಾಗಿಯೇ ಹೇಳಿದ್ದು. ಸೌಮ್ಯವಾಗಿ ಹೇಳಿದ್ದಕ್ಕೇ ಟೈಲರಮ್ಮನಿಗೆ ಹೆಚ್ಚು ಕಸಿವಿಸಿಯಾಯಿತು. ಅವಳು ಬಿಚ್ಚಿದಾಗ ಜಾಕೆಟ್‌ಗೆ ಏನೂ ಆಗಿರಲಿಲ್ಲ. ಪಕ್ಕದ ಹೊಲಿಗೆ ಕೋಣೆಯ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಅವಳೇ ಇಟ್ಟಿದ್ದಳು. ನಾಳೆ ಅದನ್ನು ಬಿಚ್ಚಿದರೆ ಇಷ್ಟು ವರ್ಷದ ಸುಳ್ಳು ಎಲ್ಲರೆದುರು ಬಯಲಾಗುತ್ತಿತ್ತು. ಅದಾದರೂ ಹೋಗಲಿ, ಒಂದು ಬೈಗುಳಕ್ಕೆ ಮುಗಿಯುವ ಮಾತು. ಪೆಟ್ಟಿಗೆಯಿಂದ ಹೊರಬಂದ ಜಾಕೆಟ್ಟನ್ನು ವಾಲ್ವಿಗೆ ತೊಡಿಸಲೇಬೇಕಾಗುತ್ತದಲ್ಲ, ಅವಳಿಗೆ ಬೇಡವಾಗಿದ್ದದ್ದು ಅದು. ಆ ವಾಲ್ವಿನ ಬಿಸಿ ಅವಳ ಮಾವನದು. ಮಾವ ಹೋದ ಮೇಲೂ ಅದು ಮಾತ್ರ ದಿನವೂ ಬೆಂಚಿನ ಮೇಲೆ ಬೀಳುತ್ತಿತ್ತು.

ಟೈಲರಮ್ಮನ ಕಥೆ ಹೇಳಹೊರಟವರು ಮಾವನಿಂದಲೇ ಶುರು ಮಾಡಬೇಕು. ಗಂಡನ ಅಪ್ಪ, ಈ ಬಾಯ್ಲರ್ ಮನೆಯ ಆಪರೇಟರ್. ಮೈ ಸಣ್ಣದು, ದನಿ ದೊಡ್ಡದು. ಬಾಯ್ಲರಿನ ಸದ್ದಿನ ನಡುವೆ ಮಾತಾಡಿ ಮಾತಾಡಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಅವಳು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ನೀರು ಕೇಳಿದರೂ ಬೈದ ಹಾಗೆ ಕೇಳಿಸುತ್ತಿತ್ತು. ಅತ್ತೆ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ಬಸ್ಸಿನ ಡ್ರೈವರ್ ಆಗಿದ್ದ ಗಂಡ, ಮತ್ತೆ ಅವಳು. ಗಂಡ ಮೊದಲ ವಾರವೇ ಎಚ್ಚರಿಸಿದ್ದ: "ನಮ್ಮಪ್ಪ ಮನೇಲೂ ಬಾಯ್ಲರ್ ಓಡಿಸ್ತಾರೆ. ತಲೆ ಕೆಡಿಸ್ಕೋಬೇಡ."

ಅದು ನಿಜವೇ ಆಗಿತ್ತು. ಚಳಿಗಾಲದಲ್ಲಿ ಬಾಗಿಲು ಅರ್ಧ ತೆರೆದಿದ್ದರೆ, "ಬಾಗಿಲು ಹಾಕಮ್ಮ, ಬೀದೀನೆಲ್ಲ ಬೆಚ್ಚಗೆ ಮಾಡು ಅಂತ ಯಾರೂ ನಮಗೆ ಹೇಳಿಲ್ಲ," ಎನ್ನುತ್ತಿದ್ದರು. ಮುಚ್ಚಳವಿಲ್ಲದೆ ಪಾತ್ರೆ ಕುದಿಯುತ್ತಿದ್ದರೆ, "ಅಡುಗೆ ಬೇಯಿಸ್ತಿದೀಯೋ ಆಕಾಶ ಬೇಯಿಸ್ತಿದೀಯೋ?" ಎಂದು ಬಂದು ತಾವೇ ಮುಚ್ಚುತ್ತಿದ್ದರು. ಕಿಟಕಿಯ ಸಂದಿಗೆ ಉದ್ದನೆಯ ದಾರವೊಂದನ್ನು ತೂಗುಬಿಟ್ಟು, ಅದು ಅಲುಗಾಡಿದರೆ "ನೋಡು, ಇಲ್ಲಿ ಗಾಳಿ ಸೋರಿಕೆ," ಎಂದು ಕಳ್ಳನನ್ನು ಹಿಡಿದವರಂತೆ ಹಿಗ್ಗುತ್ತಿದ್ದರು. ಆಮೇಲೆ ಹಳೆಯ ಬಟ್ಟೆ ತುರುಕುವ ಕೆಲಸ ಸೊಸೆಯದು.

ವಾಟ್ ಎಂದರೇನು, ಯೂನಿಟ್ ಎಂದರೇನು ಎಂದು ಅವಳಿಗೆ ಮಾವ ಕಲಿಸಿದ್ದು ಊಟಕ್ಕೆ ಕೂತಾಗ.

"ವಾಟ್ ಅಂದ್ರೆ ನಿನ್ನ ಗಂಡ ಬಸ್ ಓಡಿಸೋ ಸ್ಪೀಡು. ಯೂನಿಟ್ ಅಂದ್ರೆ ಸಂಜೆ ಹೊತ್ತಿಗೆ ಬಸ್ಸು ಎಷ್ಟು ದೂರ ಹೋಗಿದೆ ಅನ್ನೋದು. ಚಿಕ್ಕ ಬಲ್ಬು ತಾನೇ ಅಂತ ಹಗಲೆಲ್ಲ ಉರಿಸಿದ್ರೆ ಅದೂ ದೂರ ಹೋಗಿರುತ್ತೆ."

"ನಿಮ್ಮ ಪಾಠಕ್ಕೆ ನನ್ನ ಬಸ್ಸು ಯಾಕಪ್ಪ?" ಎಂದ ಮಗ.

"ಮತ್ತೆ ನಿನ್ನ ಬಸ್ಸು ಇನ್ಯಾತಕ್ಕೆ ಉಪಯೋಗಕ್ಕೆ ಬರುತ್ತೆ? ಸಮಯಕ್ಕಂತೂ ಬರಲ್ಲ," ಎಂದರು ಅಪ್ಪ.

ಆಗ ಅವಳಿಗೆ ಒಂದು ಪುಟ್ಟ ಹೊಲಿಗೆ ಅಂಗಡಿಯಿತ್ತು. ಅಂಗಿ, ಶಾಲೆಯ ಸಮವಸ್ತ್ರ, ಆಗಾಗ ಒಂದು ಕೋಟು. ಕೈ ಒಳ್ಳೆಯದು ಎಂದು ಹೆಸರಿತ್ತು. ಎದುರು ಸಾಲಿನಲ್ಲಿ ರೆಡಿಮೇಡ್ ಬಟ್ಟೆಯ ದೊಡ್ಡ ಅಂಗಡಿ ತೆರೆದ ಮೇಲೆ ಆ ಹೆಸರು ಬೀದಿಯ ಈ ಕಡೆಗೇ ಉಳಿಯಿತು. ಉದ್ದ ಕತ್ತರಿಸಲು, ಜಿಪ್ ಹಾಕಿಸಲು ಮಾತ್ರ ಜನ ಬರತೊಡಗಿದರು. ಮಧ್ಯಾಹ್ನವೆಲ್ಲ ಅವಳು ಹೊಲಿಗೆ ಯಂತ್ರದ ಮೇಲೆ ಗದ್ದ ಊರಿ ಕೂತಿರುತ್ತಿದ್ದಳು. ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಆದರೆ ಮಾವ ಒಂದು ದಿನ ಕೆಲಸದ ಬಟ್ಟೆಯಲ್ಲೇ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಗೋಡೆಯ ಮೇಲಿದ್ದ ಖಾಲಿ ಹ್ಯಾಂಗರುಗಳನ್ನು ನೋಡಿದರು.

"ನನ್ನ ಹತ್ರ ಗಿರಾಕಿಗಳಿದ್ದಾರೆ," ಎಂದರು. "ಕೈ ಇಲ್ಲ, ಕಾಲಿಲ್ಲ. ಕುತ್ತಿಗೆ ಉದ್ದ, ಸೊಂಟ ದಪ್ಪ, ಮೈಯೆಲ್ಲ ಕೆಂಡ. ಹೊಲೀತೀಯಾ?"

ಉಗಿ ಹೋಗುವ ಪೈಪುಗಳಿಗೆ ಉಣ್ಣೆಯಂಥ ಹೊದಿಕೆ ಸುತ್ತಿ ಮೇಲೆ ತಗಡು ಹೊಡೆದಿರುತ್ತಾರೆ. ಆ ಹೊದಿಕೆಗೆ ಉಷ್ಣ ನಿರೋಧಕ ಎಂದು ಹೆಸರು. ಬಿಸಿ ಒಳಗೇ ಇರುವಂತೆ ತಡೆಯುವುದು ಅದರ ಕೆಲಸ. ವಾಲ್ವುಗಳ ಪಾಡು ಬೇರೆ. ಅವನ್ನು ಆಗಾಗ ಬಿಚ್ಚಿ ಸರಿಮಾಡಬೇಕಾದ್ದರಿಂದ ಯಾರೂ ಮುಚ್ಚುತ್ತಿರಲಿಲ್ಲ. ಬಿಸಿಯೆಲ್ಲ ಅಲ್ಲಿಂದ ಸುಮ್ಮನೆ ಹೊರಗೆ ಹೋಗುತ್ತಿತ್ತು. ಬೇಕಾದಾಗ ಬಿಚ್ಚಿ, ಮತ್ತೆ ತೊಡಿಸಿ, ಪಟ್ಟಿ ಎಳೆದು ಬಕಲ್ ಹಾಕುವಂಥ ಜಾಕೆಟ್ ಇದ್ದರೆ? ಮಾವನ ತಲೆಯಲ್ಲಿ ಬಹಳ ದಿನದಿಂದ ಇದ್ದ ಹುಳ ಅದು. ಅದಕ್ಕೆ ಮೇಲಿನವರಿಂದ ಒಪ್ಪಿಗೆ ತಂದದ್ದು ಹೇಗೋ ಏನೋ. ಬಹುಶಃ ಅವರ ದನಿಗೆ ಹೆದರಿಯೇ ಒಪ್ಪಿರಬೇಕು.

ಬಾಯ್ಲರ್ ಆರಿಸಿದ್ದ ರಜೆಯ ದಿನ ಅವಳು ಟೇಪು ಕುತ್ತಿಗೆಗೆ ಹಾಕಿಕೊಂಡು ಹೋಗಿ ವಾಲ್ವಿನ ಅಳತೆ ತೆಗೆದಳು. ಭುಜ, ಸೊಂಟ, ಕುತ್ತಿಗೆ ಎಂದು ಒಂದೊಂದಾಗಿ ಹೇಳುತ್ತ ಹೋದಳು. ಮೇಸ್ತ್ರಿ ಆಗಿನ್ನೂ ಹೊಸಬ; ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗಾಜಿನ ನೂಲಿನ ದಪ್ಪ ಬಟ್ಟೆ, ನಡುವೆ ಉಣ್ಣೆಯ ಪದರ. ಕೈಯೆಲ್ಲ ತುರಿಸುವ ಆ ಸಾಮಾನಿನಿಂದ ಅವಳು ಹೊಲಿದ ಮೊದಲ ಜಾಕೆಟ್ ವಾಲ್ವಿನ ಮೈಗೆ ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತು. ಅಷ್ಟು ಚಂದದ ಫಿಟಿಂಗ್ ಅವಳು ಮನುಷ್ಯರಿಗೂ ಹೊಲಿದಿರಲಿಲ್ಲ. ಮರುದಿನ ಬಾಯ್ಲರ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಜಾಕೆಟ್ಟಿನ ಹೊರಮೈ ಮುಟ್ಟಲಾಗದಷ್ಟು ಕಾಯಿತು.

ಅವಳು ಬೆಂಚಿನ ಮೇಲೆ ಕೂತು ಅತ್ತೇಬಿಟ್ಟಳು. ಅಂಗಡಿಯೂ ಹೋಯಿತು, ಇದೂ ಹೋಯಿತು ಎಂದುಕೊಂಡಳು.

"ಹೊಲಿಗೆ ಬಂಗಾರದಂಗಿದೆ," ಎಂದರು ಮಾವ ಅಂದು ಮೊದಲ ಸಲ ಮೆತ್ತನೆಯ ದನಿಯಲ್ಲಿ. "ಆದ್ರೆ ನೀನು ಫೋಟೊಗೆ ಹೊಲಿದಿದೀಯ, ಚಳಿಗಲ್ಲ. ಬಿಸಿ ತಡೆಯೋದು ಉಣ್ಣೆ ಅಲ್ಲಮ್ಮ. ಉಣ್ಣೆಯೊಳಗೆ ಸಿಕ್ಕಿಹಾಕ್ಕೊಂಡು ಅಲ್ಲಾಡದೆ ಕೂತಿರುತ್ತಲ್ಲ ಗಾಳಿ, ಅದು. ನೀನು ಬಿಗಿ ಎಳೆದು ಹಿಂಡಿ ಗಾಳೀನೆಲ್ಲ ಓಡಿಸಿಬಿಟ್ಟಿದೀಯ." ಆಮೇಲೆ ತಮ್ಮ ಜೋಲುಬಿದ್ದ ಸ್ವೆಟರನ್ನು ಎರಡು ಬೆರಳಿನಿಂದ ಎತ್ತಿ ತೋರಿಸಿದರು. "ಇದನ್ನ ಮೈಗೆ ಸರಿಯಾಗಿ ಮಾಡಿಕೊಡ್ತೀನಿ ಅಂತ ಜೀವ ತಿಂತಿದ್ಯಲ್ಲ, ಯಾಕೆ ಕೊಡ್ಲಿಲ್ಲ ಅಂದ್ಕೊಂಡೆ?"

ಇಂಥ ತಪ್ಪು ಒಳ್ಳೆಯ ಟೈಲರ್ ಮಾತ್ರ ಮಾಡಬಲ್ಲ. ಅವಳು ಕಣ್ಣೊರೆಸಿಕೊಂಡು ಹೊಲಿಗೆಯನ್ನೆಲ್ಲ ಬಿಚ್ಚಿದಳು. ಎರಡನೆಯ ಜಾಕೆಟ್ ನೋಡಲು ಮೂಟೆಯ ಹಾಗಿತ್ತು; ಅದರ ಮೇಲೆ ಕೈಯಿಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿ ಅವಳ ಯಂತ್ರ ಲಾಂಡ್ರಿಯ ಪಕ್ಕದ ಕೋಣೆಗೆ ಬಂತು. ಟೈಲರಮ್ಮ ಎಂಬ ಹೆಸರು ಅಲ್ಲಿ ಅವಳಿಗೆ ಬಿತ್ತು; ಮೊದಲು ಕರೆದವರು ಮಾವನೇ, ಅದೂ ಬಾಯ್ಲರಿನ ಆ ಬದಿಯಿಂದ ಕೂಗಿ.

ಈಗಲೂ ಆ ದಿನಗಳನ್ನು ನೆನೆದರೆ ಅವಳಿಗೆ ಮೊದಲು ಬರುವುದು ವಾಸನೆ. ಒದ್ದೆ ಹಾಸಿಗೆ ಬಟ್ಟೆಯ, ಸೋಪಿನ, ಇಸ್ತ್ರಿಯ ಕೆಳಗೆ ಒಣಗುವ ಹತ್ತಿಯ ವಾಸನೆ. ಮೇಲಿನ ಗವಾಕ್ಷಿಯಿಂದ ಓರೆಯಾಗಿ ಬೀಳುವ ಬೆಳಿಗ್ಗೆಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಮಾವ ಆ ಬಿಸಿಲಲ್ಲಿ ಕೂತು ವಾಲ್ವಿನ ಕಂಬಿಯ ಸುತ್ತ ಉಗಿ ಸೋರದಂತೆ ತುರುಕುವ ಹಗ್ಗವನ್ನು ಕತ್ತರಿಸುತ್ತಿದ್ದರು. ಹಗ್ಗವನ್ನು ನೇರವಾಗಿ ಕತ್ತರಿಸಬಾರದು, ಓರೆಯಾಗಿ ಕತ್ತರಿಸಬೇಕು. ಆಗ ಉಂಗುರದ ಎರಡು ತುದಿಗಳು ಒಂದರ ಮೇಲೊಂದು ಮಲಗಿ ಸಂದಿ ಉಳಿಯುವುದಿಲ್ಲ. ಜೀವಮಾನವೆಲ್ಲ ಹಾಗೆ ಕತ್ತರಿಸಿದ ಕೈ, ಬೇರೆ ಏನನ್ನೂ ನೇರವಾಗಿ ಕತ್ತರಿಸುವುದನ್ನು ಮರೆತಿತ್ತು. ಬ್ರೆಡ್ಡು ಓರೆ, ಸೋಪು ಓರೆ, ಅವಳ ದಾರದ ತುದಿಯೂ ಓರೆ. ಅವಳ ಹೊಸ ಟೇಪನ್ನು ಒಮ್ಮೆ ಏತಕ್ಕೋ ಓರೆಯಾಗಿ ಕತ್ತರಿಸಿಟ್ಟು, ಇಡೀ ದಿನ ಅವಳ ಕೈಯಲ್ಲಿ ಬೈಸಿಕೊಂಡಿದ್ದರು.

"ಟೈಲರ್ ಕಣ್ಣೆದುರಿಗೇ ಹೀಗೆ ಕತ್ತರಿಸ್ತೀರಲ್ಲ ಮಾವ, ನಿಮ್ಮ ಕೈಗೆ ಏನು ಮಾಡಬೇಕು?"

"ಏನೂ ಮಾಡಬೇಡ. ಸೋರಲ್ಲ, ಅಷ್ಟು ಸಾಕು."

ದಕ್ಷತೆ ಎಂಬ ಮಾತನ್ನೂ ಅವರೇ ಅವಳ ಕತ್ತರಿಸುವ ಮೇಜಿನ ಮೇಲೆ ಕಲಿಸಿದ್ದು. ಮೇಜಿನ ಮೇಲಿದ್ದ ಬಟ್ಟೆ ತೋರಿಸಿ, "ಇದು ಬಾಯ್ಲರಿಗೆ ಹಾಕಿದ್ದು," ಎಂದರು. ಹೊಲಿದ ಜಾಕೆಟ್ ತೋರಿಸಿ, "ಇದು ಕೈಗೆ ಬಂದಿದ್ದು." ಕೆಳಗೆ ಬಿದ್ದ ಚೂರುಗಳನ್ನು ಕಾಲಿನಿಂದ ಸರಿಸಿ, "ಇದು ನಷ್ಟ. ಹಾಕಿದ್ದರಲ್ಲಿ ಕೈಗೆ ಬಂದಿದ್ದು ಎಷ್ಟು ಅನ್ನೋದೇ ದಕ್ಷತೆ. ನಿನ್ನ ಕತ್ತರಿ ನಮ್ಮ ಬಾಯ್ಲರಿಗಿಂತ ವಾಸಿ." ಅವರ ಬಾಯಿಂದ ಅಂಥ ಹೊಗಳಿಕೆ ಬರುವುದು ಅಪರೂಪ. ಅವಳು ಅಂದು ಚೂರುಗಳನ್ನೂ ಎಸೆಯದೆ ಚಿಕ್ಕ ವಾಲ್ವೊಂದಕ್ಕೆ ಟೋಪಿ ಹೊಲಿದಳು.

ಮಾವ ನಿವೃತ್ತರಾದರು. ನಿವೃತ್ತರಾದ ಮೇಲೂ ಬೆಳಿಗ್ಗೆ ಸೊಸೆಯ ಜೊತೆಯಲ್ಲೇ ಹೊರಟು ಬರುತ್ತಿದ್ದರು. ಬಾಯ್ಲರಿಗೆ ಹೊಸ ಆಪರೇಟರ್ ಬಂದಿದ್ದ. ಅವನಿಗೆ ಸಲಹೆ ಬೇಡವಾಗಿತ್ತು, ಇವರಿಗೆ ಕೊಡದೆ ಇರಲಾಗುತ್ತಿರಲಿಲ್ಲ. ಹೇಗೋ ಇಬ್ಬರೂ ಹೊಂದಿಕೊಂಡರು. ಬೆಂಚು ಮಾವನದಾಯಿತು. ಅಷ್ಟು ಹೊತ್ತಿಗೆ ಅವರ ಬೆರಳ ಗಂಟುಗಳು ಊದಿಕೊಂಡು ಸೆಟೆದುಹೋಗಿದ್ದವು. ಚಳಿ ಬಿದ್ದರೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಔಷಧಿ ತೆಗೆದುಕೊಂಡರೂ ಅಷ್ಟಕ್ಕಷ್ಟೆ.

ಒಂದು ಚಳಿಯ ಬೆಳಿಗ್ಗೆ ಟೈಲರಮ್ಮ ಹೊಲಿಗೆ ಕೋಣೆಯ ಬಾಗಿಲಿನಿಂದ ನೋಡಿದಳು. ಮಾವ ಬೆಂಚಿನ ಪಕ್ಕದ ವಾಲ್ವಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದರು. ಜಾಕೆಟ್ ತೊಟ್ಟ ವಾಲ್ವು ತಣ್ಣಗಿತ್ತು. ತಣ್ಣಗಿರಬೇಕೆಂದೇ ಅವರು ಸೊಸೆಗೆ ಕಲಿಸಿದ್ದು. ಸ್ವಲ್ಪ ಹೊತ್ತು ನಿಂತು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸುಮ್ಮನೆ ಕೂತರು. ಆ ಜಾಕೆಟ್ ತೆಗೀಲಾ ಎಂದು ಕೇಳಿದರೆ ಅವರು ಬೈಯುತ್ತಿದ್ದರು. ಬಿಸಿ ಪೋಲು ಮಾಡುವವರನ್ನು ಜೀವಮಾನವೆಲ್ಲ ಬೈದ ಮನುಷ್ಯ ತನಗಾಗಿ ಹೇಗೆ ಒಪ್ಪಿಯಾರು? ಅವಳು ಕೇಳಲಿಲ್ಲ. ಮರುದಿನ ಅವರನ್ನು ಬಿಟ್ಟು ಮುಂಚೆಯೇ ಹೊರಟು ಬಂದು, ಜಾಕೆಟ್ ಬಿಚ್ಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು.

"ಇದರ ಜಾಕೆಟ್ ಎಲ್ಲಮ್ಮ?" ಎಂದರು ಮಾವ ಬಂದವರೇ.

"ಹರಿದಿತ್ತು ಮಾವ. ರಿಪೇರಿಗೆ ಇಟ್ಟಿದೀನಿ."

"ನೀನು ಹೊಲಿದಿದ್ದು ಹರೀತಾ?"

"ಹಳೇದಲ್ವಾ."

ಮಾವ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು, ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಎರಡೂ ಅಂಗೈಗಳನ್ನು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ತಾವೇ ಲೋಟ ಹಿಡಿದು ಚಹಾ ಕುಡಿದರು.

ಅಂದಿನಿಂದ ಅದೊಂದು ಆಟವಾಯಿತು. ಬಂದು ಕೂರುವ ಮೊದಲು ಮಾವ ಕೇಳಲೇಬೇಕು: "ರಿಪೇರಿ ಆಯ್ತೇನಮ್ಮ?" ಅವಳು ಒಳಗಿನಿಂದ ಕೂಗಲೇಬೇಕು: "ಇನ್ನೂ ಇಲ್ಲ ಮಾವ." "ಬೇಗ ಮಾಡು, ಬಿಸಿ ಎಲ್ಲಾ ಹೋಗ್ತಿದೆ," ಎಂದು ಗದರಿ ಅವರು ಕೈ ಚಾಚುತ್ತಿದ್ದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಂಬಿದ ಹಾಗೆ ನಟಿಸುವುದು ಇಬ್ಬರಿಗೂ ಹಾಯೆನಿಸುತ್ತಿತ್ತು. ನಡುವೆ ಒಮ್ಮೆ ಮೇಸ್ತ್ರಿ, "ಅದೇನು ರಿಪೇರಿನಪ್ಪಾ, ಮುಗಿಯೋದೇ ಇಲ್ಲ. ಒಂದಿನ ನಾನೇ ಆ ಪೆಟ್ಟಿಗೆ ತೆಗೆದು ನೋಡಿಬಿಡ್ತೀನಿ," ಎಂದು ಬೆಂಚಿನೆದುರೇ ತಮಾಷೆ ಮಾಡಿದ. ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. ಮಾವ ಕೇಳಿಸದವರ ಹಾಗೆ ಕಿಟಕಿ ನೋಡಿದರು. ಮೇಸ್ತ್ರಿ ಆಡಿದ್ದನ್ನು ಅವನೇ ಮರೆತ.

ಮಾವ ಹೋದದ್ದು ಬೇಸಗೆಯಲ್ಲಿ, ಮನೆಯ ಹಾಸಿಗೆಯಲ್ಲಿ, ನೋವಿಲ್ಲದೆ. ಕೆಲಸಕ್ಕೆ ಮರಳಿದ ದಿನ ಟೈಲರಮ್ಮ ಜಾಕೆಟ್ ತೊಡಿಸಿಬಿಡೋಣ ಎಂದೇ ಬಂದಳು. ಬೆಂಚಿನ ಹತ್ತಿರ ನಿಂತಾಗ ಆ ಬಿಸಿ ಮುಖಕ್ಕೆ ಬಂತು. ನಾಳೆ ನೋಡೋಣ ಎಂದುಕೊಂಡಳು. ಆ ನಾಳೆ ಹಾಗೇ ಮುಂದೆ ಮುಂದೆ ಹೋಗುತ್ತ ಬಂತು.

ಆಡಿಟ್‌ನ ದಿನ ಮಧ್ಯಾಹ್ನ ಮೇಡಂ ಇಸ್ತ್ರಿ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ ಪಾಠ ಮಾಡಿದರು. ಬೋರ್ಡಿನ ಮೇಲೆ ಒಂದೊಂದೇ ಮಾತು ಬರೆದು ಬಿಡಿಸಿ ಹೇಳಿದರು. ಲೋಡ್ ಎಂದರೆ ಎಲ್ಲ ಯಂತ್ರಗಳೂ ಒಂದೇ ಹೊತ್ತಿಗೆ ಕೈ ಚಾಚಿದಾಗ ಬೇಕಾಗುವ ಶಕ್ತಿ. ಉಷ್ಣ ಸೇತುವೆ ಎಂದರೆ ಇಡೀ ಗೋಡೆ ಮುಚ್ಚಿದ್ದರೂ ಒಂದು ಕಬ್ಬಿಣದ ತುಂಡಿನ ಮೂಲಕ ಬಿಸಿ ದಾಟಿಹೋಗುವ ದಾರಿ. ಚೆನ್ನಾಗಿ ಹೇಳಿದರು. ಮಾವ ಇದ್ದಿದ್ದರೆ ಮುಂದಿನ ಸಾಲಿನಲ್ಲಿ ಕೂತು, ಜೋರಾಗಿ ಹೌದು ಹೌದು ಎನ್ನುತ್ತ ಮೇಡಂ ಪಾಠ ಕೆಡಿಸುತ್ತಿದ್ದರು. ಕೊನೆಗೆ ಬೋರ್ಡಿನ ಮೇಲೆ ಶಾಖ ನಷ್ಟ ಎಂದು ಬಂತು.

"ಇಸ್ತ್ರಿ ಮಾಡುವಾಗ ನಮ್ಮ ಮೈಗೂ ಬಿಸಿ ಬರುತ್ತಲ್ಲ ಮೇಡಂ," ಎಂದಳು ಇಸ್ತ್ರಿಯವಳೊಬ್ಬಳು. "ಅದು ನಷ್ಟಾನಾ?"

"ಬೇಸಗೆಲಿ ನಷ್ಟ. ಚಳೀಲಿ ನಿಮಗೆ ಅದು ಬೇಕು ಅನ್ಸಿದ್ರೆ ಅಷ್ಟು ಉಪಯೋಗ," ಎಂದು ಮೇಡಂ ನಕ್ಕರು. "ಬಿಸಿ ಎರಡೂ ಒಂದೇ. ಬೇಕಾದೋರ ಹತ್ರ ಹೋದ್ರೆ ಉಪಯೋಗ. ಯಾರಿಗೂ ಬೇಡದ ಕಡೆ ಹೋದ್ರೆ ನಷ್ಟ."

ಟೈಲರಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾವ ಇದ್ದಷ್ಟು ದಿನ ಆ ವಾಲ್ವು ಒಂದು ತೊಟ್ಟನ್ನೂ ಪೋಲು ಮಾಡಿರಲಿಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಆಮೇಲೆ ಆ ಮಾತಿನ ಇನ್ನೊಂದು ಅರ್ಧ ನೆನಪಾಯಿತು. ಬೆಂಚಿಗೆ ಚಳಿಯಾಗುವುದಿಲ್ಲ. ಈಗ ಅದು ನಷ್ಟವೇ, ಬೇರೆ ಹೆಸರಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಬೂಟಿನ ದಾರ ಬಿಚ್ಚುತ್ತ ಕೇಳಿಸಿಕೊಂಡ.

"ನೀನೇ ಎಲ್ಲಾದ್ರೂ ಒಂಚೂರು ಹೊಲಿಗೆ ಬಿಚ್ಚಿಬಿಡು. ರಿಪೇರಿ ಅಂದಿದ್ದು ನಿಜ ಆಗುತ್ತೆ."

"ಚೆನ್ನಾಗಿರೋ ಹೊಲಿಗೆ ಬಿಚ್ಚೋದಾ?"

"ಮತ್ತೇನು, ಇಷ್ಟು ವರ್ಷ ಸುಳ್ಳು ಹೇಳಿದೆ ಅಂತ ಬರೆಸ್ಕೋತೀಯಾ?"

"ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

"ಬೈತಿದ್ರು."

"ಯಾರನ್ನ?"

"ಇಬ್ಬರನ್ನೂ," ಎಂದ ಅವನು.

ಮರುದಿನ ಅವಳು ಎಲ್ಲರಿಗಿಂತ ಮೊದಲು ಹೋದಳು. ಹೊಲಿಗೆ ಬಿಚ್ಚುವ ಬ್ಲೇಡನ್ನು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಮುಂದೆ ಕೂತಳು. ತನ್ನದೇ ಕೈಯ ಒಳ್ಳೆಯ ಹೊಲಿಗೆಗೆ ಬ್ಲೇಡು ಹಾಕಲು ಮನಸ್ಸು ಬರಲಿಲ್ಲ. ಮೇಲಿನ ಬಟ್ಟೆಗಳನ್ನು ತೆಗೆದು, ತಳದಿಂದ ಗಂಟನ್ನು ಎತ್ತಿ, ಹಾಸಿಗೆ ಬಟ್ಟೆಯನ್ನು ಬಿಡಿಸಿದಳು. ಜಾಕೆಟ್ ಹಾಗೇ ಇತ್ತು, ಸಡಿಲವಾಗಿ, ದಪ್ಪಗೆ. ಎಲ್ಲಿ ಬಿಚ್ಚುವುದು ಎಂದು ಅಂಚಿನ ಮೇಲೆ ಬೆರಳಾಡಿಸುತ್ತ ಹೋದಳು. ಪಟ್ಟಿ ಇರಬೇಕಾದ ಕಡೆ ಬೆರಳಿಗೆ ಒಂದು ತುಂಡು ಸಿಕ್ಕಿತು.

ಪಟ್ಟಿಯನ್ನು ಯಾರೋ ಕತ್ತರಿಸಿದ್ದರು. ಬಕಲ್ ಇದ್ದ ಉಳಿದ ಭಾಗವನ್ನು ಮಡಚಿ ಜಾಕೆಟ್ಟಿನ ಹೊಟ್ಟೆಯೊಳಗೆ ಇಟ್ಟಿದ್ದರು. ಅವಳು ಎರಡು ತುಂಡುಗಳನ್ನೂ ಬೆಳಕಿಗೆ ಹಿಡಿದಳು. ಎರಡೂ ತುದಿಗಳು ಓರೆಯಾಗಿದ್ದವು.

ಅವಳು ಬ್ಲೇಡನ್ನು ಕೆಳಗಿಟ್ಟಳು. ಅಷ್ಟು ದಪ್ಪ ಪಟ್ಟಿಯನ್ನು ಒಂದೇ ಏಟಿಗೆ ಕತ್ತರಿಸಲು ಆ ಬೆರಳುಗಳಿಗೆ ಆಗಿರಲಿಲ್ಲ. ಪಕ್ಕದಲ್ಲಿ ಅರ್ಧಕ್ಕೆ ನಿಂತ ಚಿಕ್ಕ ಚಿಕ್ಕ ಗಾಯಗಳಿದ್ದವು, ಅವೂ ಓರೆಯಾಗಿ. ಅವಳು ವಾರ್ಡುಗಳ ಕಡೆ ಹೋದ ಯಾವುದೋ ಹೊತ್ತಿನಲ್ಲಿ, ಲೋಟ ಹಿಡಿಯಲಾಗದ ಕೈಯಲ್ಲಿ ಚಾಕು ಹಿಡಿದುಕೊಂಡು, ಮಾವ ಈ ಪೆಟ್ಟಿಗೆಯ ಮುಂದೆ ಕೂತಿರಬೇಕು. ಮೇಸ್ತ್ರಿ ಪೆಟ್ಟಿಗೆ ತೆಗೆದರೆ ಸೊಸೆ ಸುಳ್ಳಿ ಎನಿಸಿಕೊಳ್ಳಬಾರದು, ಅಷ್ಟೇ. ಪಟ್ಟಿಯಿಲ್ಲದ ಜಾಕೆಟ್ ಯಾವ ವಾಲ್ವಿನ ಮೇಲೂ ನಿಲ್ಲುವುದಿಲ್ಲ. ಅವಳ ಹೊಲಿಗೆಗೆ ಮಾತ್ರ ಅವರು ಎಲ್ಲೂ ಚಾಕು ತಾಗಿಸಿರಲಿಲ್ಲ.

ಟೈಲರಮ್ಮ ಆ ಎರಡು ತುಂಡುಗಳನ್ನು ಕೆನ್ನೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮೇಡಂ ಮತ್ತು ಮೇಸ್ತ್ರಿ ಬಾಗಿಲಿಗೆ ಬಂದಾಗ ಅವಳು ಮುಖ ಒರೆಸಿಕೊಂಡು ಯಂತ್ರದ ಮುಂದೆ ಕೂತಿದ್ದಳು.

"ಏನಾಗಿತ್ತು ಇದಕ್ಕೆ?" ಎಂದು ಮೇಡಂ ಕೇಳಿದರು.

"ಪಟ್ಟಿ ಕತ್ತರಿಸಿದ್ರು ಮೇಡಂ."

"ಕತ್ತರಿಸಿದ್ರಾ? ಯಾರು?"

ಅವಳು ಉತ್ತರ ಕೊಡುವ ಮೊದಲೇ ಮೇಸ್ತ್ರಿ ಬಗ್ಗಿ ಪಟ್ಟಿಯ ತುದಿಯನ್ನು ಕೈಗೆತ್ತಿಕೊಂಡಿದ್ದ. ತಿರುಗಿಸಿ ನೋಡಿದ. ಓರೆಯಾದ ಅಂಚಿನ ಮೇಲೆ ಹೆಬ್ಬೆರಳು ಸವರಿದ. "ನಮ್ಮ ಹಳೇ ಆಪರೇಟರು ಮೇಡಂ," ಎಂದ. "ಇವರ ಮಾವ." ಅದನ್ನು ಜೋಪಾನವಾಗಿ ಮೇಜಿನ ಮೇಲೆ ಇಟ್ಟ. ಮೇಡಂ ಅವರಿಬ್ಬರ ಮುಖವನ್ನೂ ನೋಡಿ, ಪಟ್ಟಿ ತುಂಡಾಗಿತ್ತು ಎಂದಷ್ಟೇ ಬರೆದುಕೊಂಡರು.

ಟೈಲರಮ್ಮನ ಹತ್ತಿರ ಹೊಸ ಪಟ್ಟಿ ಬೇಕಾದಷ್ಟಿತ್ತು. ಅವಳು ಹಳೆಯದನ್ನೇ ತೆಗೆದುಕೊಂಡಳು. ಓರೆಯ ತುದಿಯ ಮೇಲೆ ಓರೆಯ ತುದಿಯನ್ನು ಮಲಗಿಸಿದಳು. ಎಲ್ಲೂ ಸಂದಿ ಉಳಿಯದೆ ಕೂತವು. ಅದರ ಮೇಲೆ ಹೋಗುತ್ತ ಬರುತ್ತ ಗಟ್ಟಿಯಾಗಿ ಹೊಲಿದಳು. ದಾರವನ್ನು ಕತ್ತರಿಸುವಾಗ ಕತ್ತರಿಯನ್ನು ಸ್ವಲ್ಪ ವಾಲಿಸಿದಳು.

ಆಮೇಲೆ ಜಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಯ್ಲರ್ ಮನೆಗೆ ನಡೆದಳು. ಬೆಂಚಿನ ಪಕ್ಕದಲ್ಲಿ ನಿಂತು, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು, ಆ ಬಿಸಿಯನ್ನು ಕೊನೆಯ ಸಲ ಮನಸಾರೆ ತೆಗೆದುಕೊಂಡಳು. ಕೈಗವಸು ಹಾಕಿಕೊಂಡು ವಾಲ್ವಿಗೆ ಜಾಕೆಟ್ ಸುತ್ತಿದಳು. ಭುಜ ಸರಿಮಾಡಿ, ಕುತ್ತಿಗೆ ಕೂರಿಸಿ, ಪಟ್ಟಿ ಎಳೆದು, ಗಾಳಿಗೆ ಜಾಗವಿರಲಿ ಎಂದು ಒಂದು ತೂತು ಹಿಂದಕ್ಕೆ ಬಿಟ್ಟು ಬಕಲ್ ಹಾಕಿದಳು.

ಸ್ವಲ್ಪ ಹೊತ್ತು ಕಾದು ಮೇಡಂ ಕ್ಯಾಮೆರಾ ಎತ್ತಿದರು. ಪರದೆಯ ಮೇಲೆ ಬೆಳ್ಳನೆಯ ಉಂಡೆ ಇರಲಿಲ್ಲ; ಬೆಂಚು ಗೋಡೆಗಳ ಕೆಂಪು ಕಂದಿ, ವಾಲ್ವಿನ ಜೊತೆ ಎಲ್ಲವೂ ನೀಲಿಯಾಗಿದ್ದವು. ಟೈಲರಮ್ಮ ಕೈಗವಸು ತೆಗೆದು ಜಾಕೆಟ್ಟಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು.

"ಆಯ್ತು ಮಾವ," ಎಂದಳು ಬೆಂಚಿನ ಕಡೆ ತಿರುಗಿ. "ರಿಪೇರಿ ಆಯ್ತು."